ಗೋದಲಿಯ ಮುಂದೆ ಅರ್ಧ ತಾಸು

ಹೊಸದಾಗಿ ಪಶು ದವಾಖಾನೆಗೆ ಸೇರಿದ ಹುಡುಗ ಹುಡುಗಿಯರು ಈಗಲೂ ನನಗೆ ಫೋನು ಮಾಡುತ್ತಾರೆ. ಮಾಡಲಿ, ಬೇಸರವಿಲ್ಲ. ಆದರೆ ಎಲ್ಲರ ಮೊದಲ ಪ್ರಶ್ನೆ ಒಂದೇ. "ಸರ್, ಆಕಳ ಈದು ನಾಲ್ಕು ದಿನ ಆಗೈತ್ರಿ. ಜ್ವರ ಐತಿ, ಮೇಯಾಕತ್ತಿಲ್ಲ. ಯಾವ ಇಂಜೆಕ್ಷನ್ ಕೊಡ್ಲಿ?" ನಾನು ತಿರುಗಿ ಕೇಳುತ್ತೇನೆ: "ಈಯೋಕಿಂತ ಹದಿನೈದು ದಿನ ಮೊದ್ಲ ಅದು ಎಲ್ಲಿ ನಿಂತು ಮೇಯ್ತಿತ್ತು? ಬಾಜೂಕ ಯಾವ ಆಕಳ ಇತ್ತು?" ಮುದುಕನಿಗೆ ಅರಳುಮರಳು ಎಂದುಕೊಳ್ಳುತ್ತಾರೋ ಏನೋ. ಅಂದುಕೊಳ್ಳಲಿ. ಈ ಪ್ರಶ್ನೆ ನನಗೆ ಹೊಳೆಯಬೇಕಾದರೆ ನೌಕರಿಯ ಬಹುಪಾಲು ಸವೆಯಬೇಕಾಯಿತು, ಒಂದು ಆಕಳು ಸಾಯಬೇಕಾಯಿತು.

ರೋಣ, ನರಗುಂದ, ಗಜೇಂದ್ರಗಡ. ಈ ಮೂರು ಊರು, ಅವುಗಳ ಸುತ್ತಲಿನ ಹಳ್ಳಿಗಳು, ಇಷ್ಟು ಬಿಟ್ಟು ನಾನು ಹೊರಗೆ ಕೆಲಸ ಮಾಡಿದವನಲ್ಲ. ಎಲ್ಲಿಂದ ಎಲ್ಲಿಗೆ ವರ್ಗವಾಯಿತು, ಯಾವಾಗ ಬಡ್ತಿ ಬಂತು ಎಂಬುದನ್ನೆಲ್ಲ ಬರೆಯಲು ಹೋಗುವುದಿಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ? ನನಗೆ ನೆನಪಿರುವುದು ದನಗಳು. ಬದುಕಿದವು ಅಷ್ಟಾಗಿ ಇಲ್ಲ, ಸತ್ತವು ಚೆನ್ನಾಗಿ ನೆನಪಿವೆ.

ನನ್ನ ತಲೆ ಕೆಟ್ಟದ್ದು ಚಿಕ್ಕನರಗುಂದದಲ್ಲಿ. ಕೆಲಸಕ್ಕೆ ಸೇರಿದ ಹೊಸತು. ಬೆಳಿಗ್ಗೆ ಕರೆ ಬಂತು, ಬಸ್ಸು ಇರಲಿಲ್ಲ, ಹೊಟ್ಟು ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನ ಮೇಲೆ ಕುಳಿತು ಹೋದೆ. ಹಿಂದಿನ ದಿನ ಈದ ಆಕಳು ನೆಲ ಹಿಡಿದಿತ್ತು. ಕುತ್ತಿಗೆ ಹೊಟ್ಟೆಯ ಕಡೆ ತಿರುಗಿಸಿಕೊಂಡು, ಕಿವಿ ತಣ್ಣಗಾಗಿ, ಕಣ್ಣು ಮಂಕಾಗಿ ಬಿದ್ದಿತ್ತು. ಮನೆಯ ಹೆಂಗಸರು ಆಗಲೇ ಅಳಲು ಶುರುಮಾಡಿದ್ದರು. ನೋಡಿದ ಕೂಡಲೇ ಗೊತ್ತಾಯಿತು, ಹಾಲುಜ್ವರ. ಹೆಸರಿಗೆ ಜ್ವರ ಅಷ್ಟೇ, ಮೈ ಬಿಸಿಯೇ ಇರುವುದಿಲ್ಲ. ಒಮ್ಮೆಲೇ ಕೆಚ್ಚಲಿಗೆ ಹಾಲು ಇಳಿದು ರಕ್ತದಲ್ಲಿ ಸುಣ್ಣದಂಶ ಕಡಿಮೆಯಾಗಿರುತ್ತದೆ. ಕ್ಯಾಲ್ಸಿಯಂ ಬಾಟಲಿಯನ್ನು ಕುತ್ತಿಗೆಯ ರಕ್ತನಾಳಕ್ಕೆ ಸಾವಕಾಶ ಬಿಟ್ಟೆ. ಬಾಟಲಿ ಮುಗಿಯುವ ಹೊತ್ತಿಗೆ ಆಕಳು ನಡುಗಿತು, ತೇಗಿತು, ಸಗಣಿ ಹಾಕಿತು, ಎದ್ದು ನಿಂತಿತು. ಓಣಿಗೆ ಓಣಿಯೇ ನೆರೆದಿತ್ತು. "ಸತ್ತ ಆಕಳಾ ಎಬ್ಬಿಸಿದ್ರು ನೋಡ್ರಪಾ!" ಎಂದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಗಲು ಹೊತ್ತಿನಲ್ಲೇ ಬಾಟಲಿ ಹಿಡಿದು ತಿರುಗಿದೆ. ಬೇನೆ ಎಂಬುದು ಈದ ದಿನ ಹುಟ್ಟಿ ಬಾಟಲಿ ಮುಗಿದ ಕೂಡಲೇ ಹೋಗುತ್ತದೆ ಎಂದು ನಂಬಿಬಿಟ್ಟೆ. ಆ ನಂಬಿಕೆ ಎಷ್ಟೋ ವರ್ಷ ನನ್ನನ್ನು ಬಿಡಲಿಲ್ಲ, ಏಕೆಂದರೆ ಬಹಳಷ್ಟು ಸಲ ಅದು ಫಲಿಸುತ್ತಿತ್ತು.

ಯಾವಗಲ್‌ನಲ್ಲಿದ್ದಾಗಲೂ, ರೋಣದಲ್ಲಿದ್ದಾಗಲೂ ನಾನು ಮಾಡಿದ್ದು ಇದೇ ಚಿಕಿತ್ಸೆ. ಮನೆಯವರು ಏನಾದರೂ ಹೇಳಲು ಬಾಯಿ ತೆರೆದರೆ "ನೀವ್ ಸುಮ್ನಿರ್ರಿ" ಎನ್ನುತ್ತಿದ್ದೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲಿ ಸಿಟ್ಟು. ದನ ಒದ್ದರೆ ಬರದ ಸಿಟ್ಟು ದನದ ಮಾಲಕ ಮಾತಾಡಿದರೆ ಬರುತ್ತಿತ್ತು.

ಆಮೇಲೆ ಬಿಚ್ಚಿ ಸಾಕುವ ಪದ್ಧತಿ ಬಂತು. ಅದಕ್ಕೂ ಮೊದಲು ನಮ್ಮ ಕಡೆ ಮಿಶ್ರ ತಳಿಯ ಆಕಳನ್ನೂ ಎತ್ತಿನ ಹಾಗೆ ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟುತ್ತಿದ್ದರು. ಜಕ್ಕಲಿಯಲ್ಲಿ ಒಂದು ಮನೆಯ ಆಕಳುಗಳ ಮೊಣಕಾಲು ಕಲ್ಲಿನ ಮೇಲೆ ಉಜ್ಜಿ ಉಜ್ಜಿ ತೆಂಗಿನಕಾಯಿಯಷ್ಟು ಬಾತಿದ್ದವು. ನೀರು ದಿನಕ್ಕೆ ಎರಡೇ ಸಲ, ಅದೂ ಮನೆಯವರಿಗೆ ನೆನಪಾದರೆ. ಹಗ್ಗ ಬಿಚ್ಚಿ, ಸುತ್ತ ಬೇಲಿ ಹಾಕಿ, ಮೇವು ಹಾಕಲು ಒಂದು ಉದ್ದನೆಯ ಗೋದಲಿ ಕಟ್ಟಿ, ತೊಟ್ಟಿ ತುಂಬ ನೀರು ಇಡಿ ಎಂದು ಸರಕಾರದವರು ಹೇಳಿದಾಗ ನನಗೆ ಖುಷಿಯಾಯಿತು. ಅದು ಒಳ್ಳೆಯ ಪದ್ಧತಿ, ಇವತ್ತಿಗೂ ಹಾಗೆಯೇ ಹೇಳುತ್ತೇನೆ. ನಮ್ಮ ಮೇಲಿನ ಸಾಹೇಬರಿಗೆ ಮಾತ್ರ ಅದರ ಹುಚ್ಚು ಹಿಡಿದಿತ್ತು. ಫೋನು ಬಂದರೆ ನಮಸ್ಕಾರಕ್ಕಿಂತ ಮೊದಲು ಕೇಳುವುದು, "ಇವತ್ತ ಎಷ್ಟು ಗೂಟಾ ಕಿತ್ತಿಸಿದ್ರಿ?" ನಾನೂ ಗೂಟ ಕೀಳುವ ಗಡಿಬಿಡಿಗೆ ಬಿದ್ದೆ. ಹಗ್ಗ ಬಿಚ್ಚಿದ ದನಗಳು ತಮ್ಮ ತಮ್ಮಲ್ಲಿ ಹೇಗಿರುತ್ತವೆ ಎಂದು ಸಾಹೇಬರು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹೀಗೆ ಗಜೇಂದ್ರಗಡದ ರತ್ನವ್ವನ ಮನೆಯ ಗೂಟ ಕಿತ್ತಿಸಿದೆ.

ರತ್ನವ್ವ, ಆಕೆಯ ಗಂಡ ಶರಣಪ್ಪ ಇಬ್ಬರೂ ನೇಕಾರರು. ಮನೆಯಲ್ಲಿ ಎರಡು ಕುಣಿ ಮಗ್ಗ. ರತ್ನವ್ವನ ಅತ್ತೆ ನೇಯುತ್ತಿದ್ದ ಒಂದು ಮಗ್ಗ ಆಕೆ ತೀರಿಕೊಂಡ ಮೇಲೆ ಸುಮ್ಮನೆ ನಿಂತಿತ್ತು. ಇನ್ನೊಂದರಲ್ಲಿ ರತ್ನವ್ವ ಪಟ್ಟೇದಂಚಿನ ಸೀರೆ ನೇಯುತ್ತಿದ್ದಳು. ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತರೆ ಎದುರಿಗೇ ಕಿಟಕಿ, ಕಿಟಕಿಯ ಆಚೆ ಹಿತ್ತಲು, ಹಿತ್ತಲಲ್ಲಿ ನಾಲ್ಕು ಆಕಳು. ಅವುಗಳಲ್ಲಿ ದೊಡ್ಡದು ಒಂದು ಕಪ್ಪು ಬಿಳುಪಿನ ಆಕಳು, ಮೈತುಂಬ ಠೀವಿ. ಅದಕ್ಕೆ ಶರಣಪ್ಪ ಗೌಡಸಾನಿ ಎಂದು ಹೆಸರಿಟ್ಟಿದ್ದ. ಉಳಿದ ಎರಡು ಕಪ್ಪು ಬಿಳುಪಿನವು ಆಕೆಯ ಹಿಂದೆ ಮುಂದೆ ಇರುವವು. ನಾಲ್ಕನೆಯದು ಕೆಂಪಿ. ಸಣ್ಣ ಮೈಯ ಜರ್ಸಿ ಮಿಶ್ರ ತಳಿ. ರತ್ನವ್ವನ ಅಣ್ಣ ಜಕ್ಕಲಿಯಿಂದ ತವರಿನ ಉಡುಗೊರೆ ಎಂದು ತಂದು ಬಿಟ್ಟದ್ದು. ಎಲ್ಲಕ್ಕಿಂತ ಕೊನೆಗೆ ಆ ಹಿತ್ತಲಿಗೆ ಬಂದದ್ದು.

ಹೊಸ ಗೋದಲಿ ಕಟ್ಟುವಾಗ ನಾನೇ ನಿಂತು ಹೆಜ್ಜೆ ಹಾಕಿ ಅಳತೆ ಕೊಟ್ಟೆ. ಜಾಗ ಕಡಿಮೆಯಿತ್ತು. ಮೂರು ಆಕಳು ಆರಾಮಾಗಿ ನಿಲ್ಲುವಷ್ಟು ಉದ್ದ ಬಂತು.

"ನಾಕ ಆಕಳ ಅದಾವಲ್ರಿ?" ಎಂದಳು ರತ್ನವ್ವ.

"ಎಲ್ಲಾ ಕೂಡೇ ಮೇಯ್ತಾವೇನ್ರಿ? ಪಾಳಿ ಮ್ಯಾಲ ಮೇಯ್ತಾವ. ಒಂದು ಸರೀತೈತಿ, ಇನ್ನೊಂದು ಬರ್ತೈತಿ."

"ಲಗ್ನದ ಪಂಕ್ತಿಯೊಳಗ ಒಂದ ಎಲಿ ಕಡಿಮಿ ಬಿದ್ರ ಯಾರು ಏಳ್ತಾರ್ರಿ ಡಾಕ್ಟ್ರ? ಪಾಳಿ ಮ್ಯಾಲ ಏಳ್ತಾರೇನು? ಬಡವ್ರ ಏಳೋದು."

ನಾನು ನಕ್ಕೆ. ಒಳ್ಳೆಯ ಮಾತು ಹೇಳಿದಳು ಎನಿಸಿತು, ಅಷ್ಟೇ. ಅದು ದನದ ಮಾತು ಎಂದು ಅನಿಸಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಅಮಾವಾಸ್ಯೆಯ ದಿನ ಆ ಓಣಿಗೆ ಹೋಗಿದ್ದೆ. ಅಮಾವಾಸ್ಯೆಗೆ ಅವರ ಮನೆಯಲ್ಲಿ ಮಗ್ಗ ನಡೆಸುವುದಿಲ್ಲ. ಹೀಗಾಗಿ ರತ್ನವ್ವ ಬಾಗಿಲಲ್ಲೇ ಸಿಕ್ಕಳು, ಒಳಗೆ ಕರೆದಳು. ಕೆಂಪಿ ಆಗ ತುಂಬು ಗಬ್ಬ. ಹಾಲು ಬತ್ತಿಸಿ ಬಿಟ್ಟಿದ್ದರು.

"ಡಾಕ್ಟ್ರ, ಕೆಂಪಿ ಹೊಟ್ಟಿ ತುಂಬ ಮೇಯಾಕತ್ತಿಲ್ರಿ. ಗೌಡಸಾನಿ ಬಾಯಿ ಹಾಕಾಕ ಬಿಡೂದಿಲ್ಲ."

ಹಿತ್ತಲಿಗೆ ಹೋಗಿ ನೋಡಿದೆ. ಹೊಡೆದಾಟವಿಲ್ಲ, ಗುದ್ದಾಟವಿಲ್ಲ. ನಾಲ್ಕೂ ಆಕಳು ಶಾಂತವಾಗಿ ನಿಂತಿದ್ದವು. ಗೋದಲಿಯಲ್ಲಿ ಜೋಳದ ದಂಟಿನ ಕಣಕಿಯೂ ಉಳಿದಿತ್ತು. "ಗಬ್ಬದ ಆಕಳ, ಹೊಟ್ಟ್ಯಾಗ ಕರಾ ಐತಿ, ಮೇವಿಗೆ ಜಾಗ ಕಡಿಮಿ. ಎಲ್ಲಾ ಆಕಳೂ ಹಿಂಗ ಮಾಡ್ತಾವ," ಎಂದೆ.

ಆಕೆ ಒಳಗೆ ಹೋಗಿ ಒಂದು ಕಂಡಿಕೆ ತಂದಳು. ಲಾಳಿಯೊಳಗೆ ಕೂಡಿಸುವ, ನೂಲು ಸುತ್ತಿದ ಸಣ್ಣ ಕೊಳವೆ ಅದು. ದಾರದ ತುಂಬ ಗಂಟುಗಳು. ಗೌಡಸಾನಿ ಬಂದಾಗ ಕೆಂಪಿ ಗೋದಲಿಯಿಂದ ಹಿಂದೆ ಸರಿದರೆ ಒಂದು ಗಂಟು. ನೇಯುತ್ತ ಕುಳಿತಲ್ಲಿಂದಲೇ ಕಿಟಕಿಯಲ್ಲಿ ನೋಡಿ ಹಾಕಿದ್ದು. ಹರಿದ ಎಳೆಯನ್ನು ಕಣ್ಣುಮುಚ್ಚಿ ಕೂಡಿಸುವ ಕೈಗೆ ಅದೇನು ಕಷ್ಟ? ಹೊತ್ತು ಮುಳುಗಿದ ಮೇಲೆ ಒಂದು ಕೆಂಪು ರೇಷ್ಮೆಯ ಎಳೆ ಸೇರಿಸಿ ಆ ದಿನ ಮುಗಿಯಿತು ಎಂದು ಗುರುತು ಮಾಡುತ್ತಿದ್ದಳು. ಅಮಾವಾಸ್ಯೆಗೆ ಎರಡು ಎಳೆ.

ನಾನು ಆ ದಾರವನ್ನು ಕೈಯಲ್ಲಿ ಹಿಡಿಯಲೂ ಇಲ್ಲ. ಶರಣಪ್ಪನ ಕಡೆ ನೋಡಿ ನಕ್ಕು, "ರತ್ನವ್ವಾರ, ನೀವು ಸೀರಿ ನೇಯ್ರಿ, ಆಕಳಾ ನಾ ನೋಡ್ತೀನಿ," ಎಂದೆ. ಶರಣಪ್ಪನೂ ನಕ್ಕ. ರತ್ನವ್ವ ಕಂಡಿಕೆಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಒಳಗೆ ಹೋದಳು.

ಇದನ್ನು ಬರೆಯಲು ಮನಸ್ಸಿಲ್ಲ. ಆದರೆ ಬರೆಯದಿದ್ದರೆ ಈ ಇಡೀ ಬರಹಕ್ಕೆ ಅರ್ಥವಿಲ್ಲ.

ಕೆಂಪಿ ಹೆಣ್ಣುಗರು ಹಾಕಿತು. ಮಾಸು ಬೀಳಲಿಲ್ಲ. ಕರುವಿನ ಹಿಂದೆ ಬರುವ ಆ ಚೀಲ ಅರ್ಧ ದಿನದೊಳಗೆ ಬೀಳಬೇಕು, ಮರುದಿನವೂ ಜೋತುಬಿದ್ದಿತ್ತು. ನಾನು ಕಲಿತ ಕಾಲದ ರೂಢಿಯಂತೆ ಕೈಹಾಕಿ ತೆಗೆದೆ. ಈಗಿನವರು ಹಾಗೆ ಮಾಡುವುದಿಲ್ಲ, ಮಾಡದಿರುವುದೇ ಸರಿ. ನಾಲ್ಕನೆಯ ದಿನ ಜ್ವರ ಏರಿತು, ಹಿಂದಿನಿಂದ ಕೆಟ್ಟ ವಾಸನೆಯ ನೀರು ಇಳಿಯತೊಡಗಿತು. ಗರ್ಭಕೋಶಕ್ಕೆ ನಂಜಾಗಿತ್ತು. ಇಂಜೆಕ್ಷನ್ ಶುರುಮಾಡಿದೆ. ಜ್ವರ ಇಳಿಯಿತು, ಆದರೆ ಆಕಳು ಮೇವಿಗೆ ಬಾಯಿ ಹಾಕಲಿಲ್ಲ. ಏಳನೆಯ ದಿನ ಅದರ ಉಸಿರಿನಲ್ಲಿ ಕೊಳೆತ ಹಣ್ಣಿನ ಸಿಹಿ ವಾಸನೆ ಬಂತು. ಹೊಟ್ಟೆಗಿಲ್ಲದ ಆಕಳು ತನ್ನ ಮೈಯ ಕೊಬ್ಬನ್ನೇ ಸುಟ್ಟುಕೊಳ್ಳುವಾಗ ಬರುವ ವಾಸನೆ ಅದು. ಗ್ಲುಕೋಸ್ ಬಾಟಲಿಯ ಮೇಲೆ ಬಾಟಲಿ ಹಾಕಿದೆ. ಚಿಕ್ಕನರಗುಂದದಲ್ಲಿ ಎದ್ದು ನಿಂತಂತೆ ಇದೂ ಏಳುತ್ತದೆ ಎಂದು ಕಾಯುತ್ತ ಕುಳಿತೆ. ಒಂಬತ್ತನೆಯ ದಿನ ಮಧ್ಯಾಹ್ನ ಕೆಂಪಿ ಸತ್ತಿತು.

ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ರತ್ನವ್ವ ಬೈಯಲಿಲ್ಲ. ಅಳುತ್ತಲೇ ನನ್ನನ್ನು ಒಳಗೆ ಕರೆದು, "ಚಾ ಕುಡದು ಹೋಗ್ರಿ ಡಾಕ್ಟ್ರ," ಎಂದಳು. ಮಗ್ಗದ ಕಂಬಕ್ಕೆ ಕಟ್ಟಿದ್ದ ಕರು ಆಕೆಯ ಸೀರೆಯನ್ನು ಚೀಪುತ್ತಿತ್ತು.

ಸಾಹೇಬರಿಗೆ ವರದಿ ಕೊಟ್ಟೆ. "ಗರ್ಭಕೋಶದ ಸೋಂಕು ಅಂತ ಬರೀರಿ, ಸಾಕು," ಎಂದರು. ಬರೆದೆ. ಅದು ಸುಳ್ಳಲ್ಲ. ಆದರೆ ಗಬ್ಬದ ಕೊನೆಯ ದಿನಗಳಲ್ಲಿ ಹೊಟ್ಟೆಗೆ ಬೀಳದ ಆಕಳಿಗೆ ಆ ಸೋಂಕನ್ನು ತಡೆಯುವ ಶಕ್ತಿಯೇ ಇರುವುದಿಲ್ಲ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ, ನನಗೆ ಆಗ ಅದು ಪೂರ್ತಿ ಗೊತ್ತೂ ಇರಲಿಲ್ಲ. ಅನುಮಾನ ಮಾತ್ರ ಇತ್ತು. ಆಮೇಲೆ ಓದಿದೆ, ತಿಳಿದವರನ್ನು ಕೇಳಿದೆ. ಓದಿದಷ್ಟೂ ಆ ದಾರ ಕಣ್ಣ ಮುಂದೆ ಬರುತ್ತಿತ್ತು. ಆ ಓಣಿಯನ್ನೇ ತಪ್ಪಿಸತೊಡಗಿದೆ. ಅಲ್ಲಿಂದ ಕರೆ ಬಂದರೆ ಸಹಾಯಕನನ್ನು ಕಳಿಸುತ್ತಿದ್ದೆ. ನಾಚಿಕೆ, ಬೇರೇನೂ ಅಲ್ಲ.

ಸುಮಾರು ಮೂರು ವರ್ಷದ ಮೇಲೆ, ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಒಂದು ಬೆಳಿಗ್ಗೆ ಶರಣಪ್ಪ ದವಾಖಾನೆಯ ಬಾಗಿಲಲ್ಲಿ ನಿಂತಿದ್ದ.

"ಕೆಂಪಿ ಮಗಳು ಗಬ್ಬ ಐತ್ರಿ ಸಾಹೇಬ್ರ. ಚೊಚ್ಚಲ. ಇನ್ನ ಇಪ್ಪತ್ತು ದಿನ ಇರಬೇಕು. ಅದೂ ಅವರವ್ವನಂಗ ಮಾಡಾಕತ್ತೈತಿ." ನೆಲ ನೋಡುತ್ತ ಹೇಳಿದ: "ಆಕಿ ಹೇಳ್ಯಾಳ್ರಿ, ಡಾಕ್ಟ್ರು ಬರೂದಾದ್ರ ಚೀಲಾ ಬಿಟ್ಟು ಬರ್ರಿ ಅಂತ."

ಇಷ್ಟು ವರ್ಷದಲ್ಲಿ ಯಾರೂ ನನಗೆ ಔಷಧಿಯ ಚೀಲ ಬಿಟ್ಟು ಬಾ ಎಂದಿರಲಿಲ್ಲ. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಬರಿಗೈಯಲ್ಲಿ ಹೋದೆ.

ರತ್ನವ್ವ ಮಗ್ಗದ ಪಕ್ಕ ಕಿಟಕಿಗೆ ತಾಗಿಸಿ ಒಂದು ಚಾಪೆ ಹಾಸಿದ್ದಳು. "ಕುಂಡ್ರಿ. ಈಗ ಮೇವು ಹಾಕ್ತೀವಿ. ಅರ್ಧಾ ತಾಸು ಏನೂ ಮಾತಾಡಬ್ಯಾಡ್ರಿ." ಎಂದು ತಾನು ಕುಣಿಯಲ್ಲಿಳಿದು ಲಾಳಿ ಹೊಡೆಯತೊಡಗಿದಳು.

ಶರಣಪ್ಪ ಹಸಿ ಹುಲ್ಲು, ಕಣಕಿ, ಮೇಲೆ ಹಿಂಡಿ ಹಾಕಿ ಹೋದ. ನಾಲ್ಕೂ ಬಂದವು. ಕೆಂಪಿಯ ಮಗಳು, ಅದನ್ನು ಅವರು ಕಿರಿ ಎನ್ನುತ್ತಿದ್ದರು, ಕೊನೆಯ ತುದಿಯಲ್ಲಿ ಬಾಯಿ ಹಾಕಿತು. ಎರಡು ಸಲ ಮೆದ್ದಿತು. ಗೌಡಸಾನಿ ಈ ತುದಿಯಿಂದ ತಲೆಯೆತ್ತಿ ಆ ಕಡೆ ನೋಡಿದಳು. ನೋಡಿದಳು, ಅಷ್ಟೇ. ಕೋಡು ಬೀಸಲಿಲ್ಲ, ಹೆಜ್ಜೆ ಮುಂದಿಡಲಿಲ್ಲ. ಕಿರಿ ತಲೆ ಹಿಂದಕ್ಕೆಳೆದುಕೊಂಡು ಎರಡು ಹೆಜ್ಜೆ ಸರಿಯಿತು. ರತ್ನವ್ವನ ಬೆರಳು ದಾರದ ಮೇಲೆ ಒಮ್ಮೆ ಆಡಿತು. ಸ್ವಲ್ಪ ಹೊತ್ತಿಗೆ ಕಿರಿ ಮತ್ತೆ ಬಂತು. ಈ ಸಲ ನಡುವಿನ ಆಕಳು ಕಿವಿ ಹಿಂದೆ ಮಾಡಿತು. ಮತ್ತೆ ಸರಿಯಿತು, ಮತ್ತೆ ಗಂಟು. ಆಮೇಲೆ ಅದು ಗೋದಲಿಯ ಖಾಲಿ ಮೂಲೆಯನ್ನು ನೆಕ್ಕುತ್ತ ನಿಂತಿತು. ದೂರದಿಂದ ನೋಡಿದವರಿಗೆ ಮೇಯುತ್ತಿದೆ ಎಂದೇ ಅನಿಸಬೇಕು. ಹಿಂಡಿ ಮುಗಿಯಿತು, ಎಳೆ ಹುಲ್ಲು ಮುಗಿಯಿತು. ಉಳಿದ ಮೂರೂ ಮಲಗಿ ಮೆಲುಕು ಹಾಕತೊಡಗಿದ ಮೇಲೆ ಕಿರಿ ಬಂದು ಉಳಿದ ಕಣಕಿಯ ದಂಟು ಕಡಿಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಆ ದಿನ. ಹೊಡೆದಾಟ ಹುಡುಕುತ್ತಿದ್ದೆ, ಅಲ್ಲಿ ಹೊಡೆದಾಟವೇ ಇರಲಿಲ್ಲ. ಎದ್ದು ಹೋಗಿ ಕಿರಿಯ ಎಡಗಡೆ, ಪಕ್ಕೆಲುಬಿನ ಹಿಂದಿನ ಗುಳಿ ನೋಡಿದೆ. ಹೊಟ್ಟೆ ತುಂಬಿದ ಆಕಳಿಗೆ ಆ ಗುಳಿ ಕಾಣಬಾರದು. ಇದಕ್ಕೆ ನನ್ನ ಮುಷ್ಟಿ ಹಿಡಿಸುವಷ್ಟಿತ್ತು.

"ಇನ್ನ ಎಷ್ಟು ದಿನ ಅಂದ್ರಿ?" ಎಂದು ಶರಣಪ್ಪನನ್ನು ಕೇಳಿದೆ.

"ಇಪ್ಪತ್ತು. ಚೊಚ್ಚಲ, ಎರಡ ದಿನ ಹಿಂದ ಮುಂದ."

ನನಗೆ ಹೆದರಿಕೆಯಾಯಿತು. ಕಿರಿ ಸತ್ತರೆ ರತ್ನವ್ವನ ತವರಿನ ಕುಡಿಯೇ ಆ ಹಿತ್ತಲಿನಿಂದ ಹೋಗುತ್ತದೆ. ಎರಡನೆಯ ಸಲ, ಅದೂ ನನ್ನ ಅಳತೆಯ ಗೋದಲಿಯ ಮುಂದೆ.

ಕಿರಿಯನ್ನು ಬೇರೆ ಮಾಡಿಬಿಡೋಣ ಎಂದೆ. ಹಿತ್ತಲಿನ ಆಚೆ ಒಂದು ತಟ್ಟಿ ಕಟ್ಟಿ ಅದಕ್ಕೇ ಪ್ರತ್ಯೇಕ ಹಿಂಡಿ, ಹುಲ್ಲು ಇಟ್ಟೆವು. ಮರುದಿನ ಹೋದರೆ ಮೇವು ಇಟ್ಟಲ್ಲೇ ಇದೆ, ಕಿರಿ ತಟ್ಟಿಗೆ ಎದೆ ಒತ್ತಿ ಕೂಗುತ್ತಿದೆ. ಹುಟ್ಟಿದಾಗಿನಿಂದ ಆ ಮೂರರ ನೆರಳಲ್ಲಿ ಬೆಳೆದದ್ದು. ಹೆದರಿಸುವವರೂ ಅವರೇ, ಬಳಗವೂ ಅವರೇ. ಒಂಟಿಯಾಗಿ ಅದು ಮೊದಲಿಗಿಂತ ಕಡಿಮೆ ಮೆದ್ದಿತ್ತು. ಎರಡು ದಿನ ಹೋಯಿತು.

ಹಾಗಾದರೆ ಗೌಡಸಾನಿಯನ್ನೇ ಕಟ್ಟೋಣ ಎಂದೆ. ಗೂಟ ಕಿತ್ತಿಸಿದ ಇದೇ ಕೈಯಿಂದ ಗೂಟ ಬಡಿದೆ. ಶರಣಪ್ಪ ಬಾಯಿಗೆ ಟವೆಲು ಅಡ್ಡ ಹಿಡಿದು ನಗುತ್ತಿದ್ದ. ನಗಲಿ. ಗೌಡಸಾನಿ ಕಟ್ಟಿಸಿಕೊಂಡು ನಿಂತಳು, ಆದರೆ ಮರುದಿನವೇ ನಡುವಿನ ಆಕಳು ಅಧಿಕಾರ ವಹಿಸಿಕೊಂಡಿತು. ಹೊಸ ಅಧಿಕಾರಿ ಹಳೆಯವಳಿಗಿಂತ ಕೆಟ್ಟದು, ಇದು ಕೋಡಿನಿಂದಲೇ ತಿವಿಯುತ್ತಿತ್ತು. ತುಂಬು ಗಬ್ಬದ ಹೊಟ್ಟೆಗೆ ಬಿದ್ದರೆ ಮುಗಿಯಿತು. ಓಡಿಹೋಗಿ ಗೌಡಸಾನಿಯ ಹಗ್ಗ ಬಿಚ್ಚಿದೆವು. ಮತ್ತೆ ಮೂರು ದಿನ ಹೋಗಿತ್ತು. ಆ ಸಂಜೆ ಅವರ ಕಟ್ಟೆಯ ಮೇಲೆ ಕುಳಿತು, "ನನಗ ತಿಳಿವಲ್ದು ರತ್ನವ್ವಾರ," ಎಂದೆ. ನೌಕರಿಯಲ್ಲಿ ಆ ಮಾತು ಆಡಿದ್ದು ಅದೇ ಮೊದಲು.

ಆಕೆ ಕೇಳಿದಳು, "ಗೌಡಸಾನಿ ನೋಡ್ತಾಳ, ಅದಕ್ಕ ಇದು ಸರೀತೈತಿ. ಹೌದಿಲ್ರಿ?"

"ಹೌದು."

"ಕಾಣದಂಗ ಮಾಡಿದ್ರ?"

ಮರುದಿನ ಬೆಳಿಗ್ಗೆ ಶರಣಪ್ಪ ತನ್ನ ತಾಯಿಯ ಹಳೆಯ ಮಗ್ಗ ಬಿಚ್ಚಿದ. ಅದರ ಕಂಬ, ಹಲಗೆ ಎಲ್ಲ ಸಾಗವಾನಿ. ಆತ ಒಂದೊಂದೇ ಮರವನ್ನು ಒರೆಸಿ ಇಡುವಾಗ ರತ್ನವ್ವ ಒಳಗೆ ಹೋಗಿಬಿಟ್ಟಳು. ಗೋದಲಿಯ ಅಡ್ಡಕ್ಕೆ, ಒಂದೊಂದು ಆಕಳ ತಲೆಗೆ ಒಂದೊಂದು ಅಂಕಣ ಬರುವಂತೆ ಹಲಗೆ ನಿಲ್ಲಿಸಿದೆವು. ತಲೆ ತಗ್ಗಿಸಿದರೆ ಪಕ್ಕದವಳ ಮುಖ ಕಾಣಬಾರದು, ಭುಜ ಒತ್ತಲು ಬರಬಾರದು. ಗೋದಲಿ ಗಿಡ್ಡವಾದದ್ದು ನನ್ನ ತಪ್ಪು, ಅದಕ್ಕೆ ಎದುರುಗೋಡೆಗೆ ತಾಗಿಸಿ ಸಿಮೆಂಟಿನ ಇನ್ನೊಂದು ತೊಟ್ಟಿ ಇಡಿಸಿದೆ. ಮೇವನ್ನೂ ಒಮ್ಮೆಲೇ ಸುರಿಯದೆ ದಿನಕ್ಕೆ ನಾಲ್ಕು ಸಲ ಹಾಕಿ ಎಂದೆ.

ಮೊದಲ ದಿನ ನಾಲ್ಕೂ ಹಲಗೆಗೆ ಹೆದರಿ ದೂರ ನಿಂತವು. ಎರಡನೆಯ ದಿನ ಗೌಡಸಾನಿ ಬಾಯಿ ಹಾಕಿದಳು, ಉಳಿದವು ಹಿಂಬಾಲಿಸಿದವು. ಕಿರಿ ಕೊನೆಯ ಅಂಕಣದಲ್ಲಿ ತಲೆ ತೂರಿಸಿತು. ಗೌಡಸಾನಿ ತಲೆಯೆತ್ತಿದಳು. ಹಲಗೆ ಅಡ್ಡ ಇತ್ತು. ಕಿರಿ ಮೇಯುತ್ತಲೇ ಇತ್ತು. ರತ್ನವ್ವನ ಬೆರಳು ದಾರದ ಮೇಲೆ ಸುಮ್ಮನೆ ಕುಳಿತಿತ್ತು.

ಗಂಟು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ನಾನು ದಿನವೂ ಹೋಗುತ್ತಿದ್ದೆ. ಹೋದವನು ಮೊದಲು ಎಡಗಡೆಯ ಗುಳಿ ನೋಡುತ್ತಿದ್ದೆ. ಎಂಟು ದಿನಕ್ಕೆ ಮುಷ್ಟಿ ಹಿಡಿಸುತ್ತಿದ್ದ ಗುಳಿ ಎರಡು ಬೆರಳು ಹಿಡಿಸುವಷ್ಟಾಯಿತು. ಇನ್ನೊಂದು ವಾರ ಸಿಕ್ಕರೆ ಸಾಕು ಎಂದುಕೊಳ್ಳುತ್ತಿದ್ದೆ. ಆದರೆ ವಾರ ಸಿಗಲಿಲ್ಲ. ಲೆಕ್ಕಕ್ಕಿಂತ ಐದು ದಿನ ಮುಂಚೆಯೇ, ಒಂದು ಮಧ್ಯಾಹ್ನ ಕಿರಿ ಹೆಣ್ಣುಗರು ಹಾಕಿತು. ಈ ಸಲ ನಾನು ಚೀಲ ಹಿಡಿದೇ ಹೋಗಿದ್ದೆ.

ಮಾಸು ಜೋತುಬಿದ್ದಿತ್ತು. ನಾನು ಕೈಹಾಕಲಿಲ್ಲ. ಕಟ್ಟೆಯ ಮೇಲೆ ಕುಳಿತು ನಾವು ಮೂವರೂ ಕಾಯುತ್ತಿದ್ದೆವು. ಕರು ಎದ್ದು ಬಿದ್ದು ಎದ್ದು ಹಾಲು ಕುಡಿಯಿತು. ದೀಪ ಹಚ್ಚುವ ಹೊತ್ತಿಗೆ ಮಾಸು ಬಿತ್ತು. ಶರಣಪ್ಪ ಕೈ ಮುಗಿದ. ರತ್ನವ್ವ ಮುಗಿಯಲಿಲ್ಲ. "ಕೆಂಪಿಗೆ ಜ್ವರಾ ಬಂದಿದ್ದು ನಾಕನೇ ದಿನಕ್ಕ," ಎಂದಳು.

ನಾಲ್ಕನೆಯ ದಿನ ಬೆಳಿಗ್ಗೆ ಥರ್ಮಾಮೀಟರ್ ಇಟ್ಟೆ. ಒಂದು ಡಿಗ್ರಿ ಏರಿತ್ತು. ನನ್ನ ಕೈ ತಾನೇ ಚೀಲಕ್ಕೆ ಹೋಯಿತು. ಸಿರಿಂಜ್ ತೆಗೆದೆ.

"ಡಾಕ್ಟ್ರ, ಮೊದ್ಲ ಗ್ವಾದ್ಲಿ ನೋಡ್ರಿ," ಎಂದಳು ರತ್ನವ್ವ.

ಸಿರಿಂಜ್ ಕೈಯಲ್ಲೇ ಹಿಡಿದು ನಿಂತು ನೋಡಿದೆ. ಕಿರಿ ತನ್ನ ಅಂಕಣಕ್ಕೆ ನಡೆದುಹೋಗಿ ತಲೆ ಹಾಕಿತು. ಹುಲ್ಲು ಮುಗಿಯುವವರೆಗೂ ತಲೆ ಮೇಲೆತ್ತಲಿಲ್ಲ. ಹಿಂದಿನಿಂದ ಕೆಟ್ಟ ವಾಸನೆಯಿರಲಿಲ್ಲ, ಕಣ್ಣು ಚುರುಕಾಗಿತ್ತು, ಕಿವಿ ನೆಟ್ಟಗಿದ್ದವು. ಸಂಜೆಯವರೆಗೆ ನೋಡೋಣ ಎಂದು ಸಿರಿಂಜ್ ಒಳಗಿಟ್ಟೆ. ದವಾಖಾನೆಗೂ ಹೋಗಲಾಗಲಿಲ್ಲ, ಅಲ್ಲೇ ಕುಳಿತೆ. ಔಷಧಿ ಬೇಡ ಎಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಸಂಜೆಗೆ ಮತ್ತೊಂದು ಗೆರೆ ಏರಿದ್ದರೆ ಚುಚ್ಚುತ್ತಿದ್ದೆ, ಅದೇ ಸರಿಯಾಗುತ್ತಿತ್ತು. ಏರಲಿಲ್ಲ. ಇಳಿದಿತ್ತು. ಮರುದಿನ ಇನ್ನೂ ಇಳಿಯಿತು. ಒಂಬತ್ತನೆಯ ದಿನ ಕಿರಿ ಬಾಲ ಬೀಸುತ್ತ ನನ್ನ ಥರ್ಮಾಮೀಟರ್ ಕೆಡವಿ ಒಡೆಯಿತು. ಅಷ್ಟು ಸಂತೋಷದಿಂದ ನಾನು ಯಾವ ಸಾಮಾನೂ ಕಳೆದುಕೊಂಡಿಲ್ಲ.

ಹತ್ತನೆಯ ದಿನ ಹೋದಾಗ ರತ್ನವ್ವ ಮಗ್ಗದ ಪಕ್ಕದ ಗೂಡಿನಿಂದ ಎರಡು ಕಂಡಿಕೆ ತೆಗೆದು ನನ್ನ ಮುಂದಿಟ್ಟಳು. ಒಂದು ಕಿರಿಯದು. ಇನ್ನೊಂದರ ದಾರ ಮಾಸಿ ಹಳದಿಯಾಗಿತ್ತು. ಕೇಳುವ ಅಗತ್ಯವಿರಲಿಲ್ಲ. ಅಂದು ನಾನು ಮುಟ್ಟದೆ ಬಿಟ್ಟದ್ದು ಅದು.

ಚಾಪೆಯ ಮೇಲೆ ಸಾವಕಾಶ ಬಿಚ್ಚುತ್ತ ಹೋದೆ. ಗಂಟು, ಗಂಟು, ಕೆಂಪು ಎಳೆ. ಮತ್ತೆ ಗಂಟು. ಒಂದು ಕಡೆ ಎರಡು ಕೆಂಪು ಎಳೆ ಸಿಕ್ಕವು. ಅಮಾವಾಸ್ಯೆ. ನಾನು ಬಂದು ನಕ್ಕು ಹೋದ ದಿನ. ದಾರ ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಮುಂದೆಯೂ ಗಂಟುಗಳಿದ್ದವು, ಮೊದಲಿಗಿಂತ ಒತ್ತಾಗಿದ್ದವು. ಅಲ್ಲಿಂದ ಮುಂದಿನ ಕೆಂಪು ಎಳೆಗಳನ್ನು ಎಣಿಸಿದೆ. ಕೆಂಪಿ ಈಯುವವರೆಗೆ ಹದಿನೇಳು.

ಹದಿನೇಳು ದಿನ ಇತ್ತು. ಹಲಗೆ ನಿಲ್ಲಿಸಲು ನಮಗೆ ಹಿಡಿದದ್ದು ಒಂದೇ ದಿನ.

"ಅವತ್ತ ನನಗ ಬೈಬೇಕಿತ್ರಿ ರತ್ನವ್ವಾರ," ಎಂದೆ.

"ಬೈದಿದ್ರ ನೀವು ಮತ್ತ ಬರ್ತಿದ್ದಿಲ್ರಿ," ಎಂದಳು, ಮಗ್ಗದಿಂದ ಕಣ್ಣೆತ್ತದೆ. "ಕೆಂಪಿ ಈಯೂದು ಇನ್ನೂ ಬಾಕಿ ಇತ್ತಲ್ರಿ. ನನಗ ಡಾಕ್ಟ್ರು ಬೇಕಾಗಿದ್ರು."

ಆ ಹಳೆಯ ದಾರವನ್ನು ನನಗೆ ಕೊಡಿ ಎಂದು ಕೇಳಿದೆ. ಮೇಜಿನ ಮೇಲೆ ಇಟ್ಟುಕೊಂಡು ಹೊಸ ಹುಡುಗರಿಗೆ ತೋರಿಸಬೇಕು ಎಂದೆ. ಆಕೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಒಂದೂ ಸುತ್ತು ತಪ್ಪದಂತೆ ಮತ್ತೆ ಕಂಡಿಕೆಗೆ ಸುತ್ತಿದಳು.

"ಮಗಳದು ಒಯ್ರಿ ಡಾಕ್ಟ್ರ," ಎಂದಳು. "ಅವ್ವಂದು ನನ್ನ ಕಡೇನ ಇರ್ಲಿ."